ಇಂಗ್ಲಿಷ್ ವಾಕ್ಯದ ತಪ್ಪು ಹಿಡಿಯಲು ಐದು ಓದು

ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಇಲ್ಲೇ. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲೂ ಎರಡನೆಯದು ಕೆನರಾ ಬ್ಯಾಂಕಿನಲ್ಲೂ ವಿಲೀನವಾದವು. ಹೆಸರುಗಳು ಹೋದರೂ ಬ್ಯಾಂಕ್ ನೌಕರಿಯ ಆಸೆ ಈ ಕರಾವಳಿಯ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಈಗ ಆ ನೌಕರಿಗೆ ಐಬಿಪಿಎಸ್ ಪರೀಕ್ಷೆ ಬರೆಯಬೇಕು. ಅದರ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು 40 ಸೆಕೆಂಡು. ವಾಕ್ಯದಲ್ಲಿ ತಪ್ಪೆಲ್ಲಿದೆ ಎಂದು ಗುರುತಿಸುವ ಪ್ರಶ್ನೆ ಅಲ್ಲಿ ಸಾಮಾನ್ಯ.

ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಮಾತ್ರ ಇದು ಬೇಕು ಎಂದಲ್ಲ. ವಿದೇಶಕ್ಕೆ ಹೊರಟ ನರ್ಸ್ ಐಇಎಲ್‌ಟಿಎಸ್ ಬರೆಯುವಾಗ, ಬರವಣಿಗೆಯ ಅಂಕದಲ್ಲಿ ಕಾಲು ಪಾಲು ವ್ಯಾಕರಣಕ್ಕೆ. ಮಾತಿನ ಅಂಕದಲ್ಲೂ ಅಷ್ಟೇ. ಮಣಿಪಾಲದಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ವಿದ್ಯಾರ್ಥಿಗೆ, ಕಾಪುವಿನಲ್ಲಿ ಹೋಂಸ್ಟೇ ನಡೆಸುತ್ತಾ ಅತಿಥಿಗಳಿಗೆ ಮೇಲ್ ಕಳುಹಿಸುವವರಿಗೆ, ಕಾರ್ಕಳದಲ್ಲಿ ಮಗಳ ಹೋಂವರ್ಕ್ ನೋಡುವ ತಾಯಿಗೆ ತಪ್ಪು ಹಿಡಿಯುವ ಕಣ್ಣು ಬೇಕೇ ಬೇಕು.

ಅದಕ್ಕೆ ಇಡೀ ವ್ಯಾಕರಣ ಬಾಯಿಪಾಠ ಮಾಡಬೇಕಿಲ್ಲ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಆಡುವ ನಾವು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಕೆಲವೇ ಬಗೆಯವು. ನಮ್ಮ ಭಾಷೆಯ ಕ್ರಮವನ್ನು ಇಂಗ್ಲಿಷಿಗೆ ಒಯ್ಯುವಾಗ ಅವು ಹುಟ್ಟುತ್ತವೆ. ಹಾಗಾಗಿ ಎಲ್ಲಿ ಬರುತ್ತವೆ ಎಂದು ಮೊದಲೇ ಹೇಳಬಹುದು. ಜಾಗ ಗೊತ್ತಿದ್ದರೆ ಹುಡುಕುವುದು ಸುಲಭ. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿ, ತಪ್ಪು ಕಿವಿಗೂ ಬೀಳಲಿ.

ಕಣ್ತಪ್ಪು ಬೇರೆ, ತಿಳಿಯದ ತಪ್ಪು ಬೇರೆ

1967ರಲ್ಲಿ ಬ್ರಿಟನ್ನಿನ ಭಾಷಾವಿಜ್ಞಾನಿ ಎಸ್. ಪಿಟ್ ಕಾರ್ಡರ್ ಕಲಿಯುವವರ ತಪ್ಪುಗಳ ಬಗ್ಗೆ ಒಂದು ಪ್ರಬಂಧ ಬರೆದರು. ದಣಿವಿನಿಂದಲೋ ಅವಸರದಿಂದಲೋ ಆಗುವ ಕಣ್ತಪ್ಪು ಒಂದು. ತಲೆಯಲ್ಲಿ ಕೂತಿರುವ ನಿಯಮವೇ ಬೇರೆಯಾಗಿರುವುದರಿಂದ ಆಗುವ ತಪ್ಪು ಇನ್ನೊಂದು ಎಂದು ಅವರು ಬಿಡಿಸಿ ತೋರಿಸಿದರು. ಎರಡನೆಯದು ದಡ್ಡತನದ ಗುರುತಲ್ಲ, ಕಲಿಕೆ ಎಲ್ಲಿಗೆ ಬಂದು ನಿಂತಿದೆ ಎಂಬುದರ ಗುರುತು ಎಂಬುದು ಅವರ ವಾದ.

ತಿದ್ದುವವರಿಗೆ ಈ ಭೇದ ಬಹಳ ಉಪಯೋಗಿ. ಕಣ್ತಪ್ಪಿಗೆ ಮದ್ದು ಮತ್ತೊಮ್ಮೆ ಓದುವುದು. ತಿಳಿಯದ ತಪ್ಪು ಹತ್ತು ಸಲ ಓದಿದರೂ ಕಾಣುವುದಿಲ್ಲ, ಏಕೆಂದರೆ ಬರೆದವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತಿರುತ್ತದೆ. ಅಲ್ಲಿ ನಿಯಮವನ್ನೇ ಕಲಿಯಬೇಕು. ಎಲ್ಲವನ್ನೂ ಒಂದೇ ಓದಿನಲ್ಲಿ ಹಿಡಿಯಲು ಹೊರಟರೆ ಅರ್ಧ ತಪ್ಪಿಹೋಗುತ್ತದೆ. ಒಂದು ಓದಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ.

ಮೊದಲ ಓದು: ಕ್ರಿಯಾಪದ ಯಾವುದು, ಅದರ ಯಜಮಾನ ಯಾರು?

ವಾಕ್ಯದಲ್ಲಿ ಮೊದಲು ವರ್ಬ್ ಹಿಡಿಯಿರಿ. ಆಮೇಲೆ ಅದರ ಸಬ್ಜೆಕ್ಟ್ ಯಾವುದು ಎಂದು ಕೇಳಿ. ನಡುವೆ ಬಂದ ಮಾತನ್ನು ಬೆರಳಿನಿಂದ ಮುಚ್ಚಿ ಓದಿ.

"ದ ಲಿಸ್ಟ್ ಆಫ್ ಸೆಲೆಕ್ಟೆಡ್ ಸ್ಟೂಡೆಂಟ್ಸ್ ಆರ್ ಆನ್ ದ ನೋಟಿಸ್ ಬೋರ್ಡ್." ಬೋರ್ಡಿನಲ್ಲಿ ಇರುವುದು ಲಿಸ್ಟ್, ವಿದ್ಯಾರ್ಥಿಗಳಲ್ಲ. ಲಿಸ್ಟ್ ಒಂದೇ, ಆದ್ದರಿಂದ 'ಆರ್' ಅಲ್ಲ, 'ಈಸ್'. ವರ್ಬ್‌ಗೆ ಹತ್ತಿರವಿರುವ 'ಸ್ಟೂಡೆಂಟ್ಸ್' ನಮ್ಮನ್ನು ದಾರಿ ತಪ್ಪಿಸುತ್ತದೆ. "ದ ಮ್ಯಾನೇಜರ್, ಅಲಾಂಗ್ ವಿತ್ ಟೂ ಕ್ಲರ್ಕ್ಸ್, ವಾಸ್ ಪ್ರೆಸೆಂಟ್" ಎಂಬಲ್ಲಿಯೂ ಸಬ್ಜೆಕ್ಟ್ ಮ್ಯಾನೇಜರ್ ಒಬ್ಬರೇ. 'ಅಲಾಂಗ್ ವಿತ್', 'ಆ್ಯಸ್ ವೆಲ್ ಆ್ಯಸ್', 'ಟುಗೆದರ್ ವಿತ್' ಬಂದರೆ ಮೊದಲ ಹೆಸರನ್ನೇ ನೋಡಿ. 'ಐದರ್ – ಆರ್', 'ನೈದರ್ – ನಾರ್' ಬಂದರೆ ಮಾತ್ರ ವರ್ಬ್‌ಗೆ ಹತ್ತಿರದ ಹೆಸರನ್ನು ನೋಡಬೇಕು. 'ಈಚ್', 'ಎವ್ರಿ', 'ಎವ್ರಿಒನ್' ಸಬ್ಜೆಕ್ಟಿನ ಮೊದಲಿಗೆ ಬಂದರೆ ಏಕವಚನ: "ಈಚ್ ಆಫ್ ದ ಬಾಯ್ಸ್ ಹ್ಯಾಸ್ ಎ ಬ್ಯಾಗ್."

"ಒನ್ ಆಫ್ ಮೈ ಫ್ರೆಂಡ್ ಈಸ್ ಇನ್ ದುಬೈ" ನಮ್ಮಲ್ಲಿ ದಿನಾ ಕೇಳುವ ತಪ್ಪು. ಇದಕ್ಕೆ ಕನ್ನಡವೇ ಮದ್ದು. "ನನ್ನ ಗೆಳೆಯನಲ್ಲಿ ಒಬ್ಬ" ಎಂದು ಯಾರೂ ಹೇಳುವುದಿಲ್ಲ, "ಗೆಳೆಯರಲ್ಲಿ ಒಬ್ಬ" ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಹಾಗೆಯೇ: 'ಒನ್ ಆಫ್ ಮೈ ಫ್ರೆಂಡ್ಸ್'. ವರ್ಬ್ ಮಾತ್ರ 'ಒನ್'ಗೆ ಹೊಂದಿ 'ಈಸ್' ಆಗಿಯೇ ಇರಲಿ.

'ಡಿಡ್', 'ಡಸ್' ಬಂದ ಮೇಲೆ ಮುಂದಿನ ವರ್ಬ್ ಮೂಲರೂಪಕ್ಕೆ ಮರಳುತ್ತದೆ. 'ಹಿ ಡಿಡ್ ನಾಟ್ ಕೇಮ್' ಅಲ್ಲ, 'ಡಿಡ್ ನಾಟ್ ಕಮ್'. 'ಶಿ ಡಸ್ ನಾಟ್ ಗೋಸ್' ಅಲ್ಲ, 'ಡಸ್ ನಾಟ್ ಗೋ'. ಕಾಲವನ್ನು ಒಂದು ಪದ ಹೊತ್ತರೆ ಸಾಕು, ಎರಡೂ ಹೊರಬೇಕಿಲ್ಲ.

ಎರಡನೇ ಓದು: ಯಾವಾಗ ನಡೆದದ್ದು?

"ನಿನ್ನೆ ಅವರನ್ನು ನೋಡಿದ್ದೇನೆ" ಎನ್ನುವುದು ಕನ್ನಡದಲ್ಲಿ ಸಹಜ. ಅದೇ ಲಯದಲ್ಲಿ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ" ಎಂದರೆ ತಪ್ಪು. ಮುಗಿದುಹೋದ ಹೊತ್ತನ್ನು ಹೆಸರಿಟ್ಟು ಹೇಳಿದ ಮೇಲೆ, ಅಂದರೆ ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019 ಎಂದ ಮೇಲೆ 'ಹ್ಯಾವ್' ಬೇಡ: "ಐ ಸಾ ಹಿಮ್ ಯೆಸ್ಟರ್ಡೇ." ಕಾರ್ಕಳದ ಬಾಹುಬಲಿಯ ಬಗ್ಗೆ ಬರೆಯುವಾಗಲೂ 'ಹ್ಯಾಸ್ ಬೀನ್ ಇನ್‌ಸ್ಟಾಲ್ಡ್ ಇನ್ 1432' ಅಲ್ಲ, 'ವಾಸ್ ಇನ್‌ಸ್ಟಾಲ್ಡ್ ಇನ್ 1432'. ಅದೇ ಮೂರ್ತಿಯ ಎತ್ತರ ಹೇಳುವಾಗ 'ಎ 42-ಫೀಟ್ ಸ್ಟ್ಯಾಚ್ಯೂ' ಎಂದು ಬರೆಯುತ್ತಾರೆ. ಅಳತೆ ಹೀಗೆ ಹೆಸರಿನ ಮುಂದೆ ವಿಶೇಷಣವಾಗಿ ನಿಂತಾಗ ಏಕವಚನ: 'ಎ 42-ಫುಟ್ ಸ್ಟ್ಯಾಚ್ಯೂ'.

'ಸಿನ್ಸ್' ಮತ್ತು 'ಫಾರ್' ನಮಗೆ ಕಾಡುವ ಜೋಡಿ. ಕನ್ನಡದಲ್ಲಿ "1957ರಿಂದ" ಎಂದರೂ "ಐದು ವರ್ಷದಿಂದ" ಎಂದರೂ ಪ್ರತ್ಯಯ ಒಂದೇ. ಇಂಗ್ಲಿಷಿನಲ್ಲಿ ಎರಡು. ಶುರುವಾದ ಹೊತ್ತು ಹೇಳಿದರೆ ಸಿನ್ಸ್: "ಎಂಐಟಿ ಹ್ಯಾಸ್ ಬೀನ್ ಇನ್ ಮಣಿಪಾಲ್ ಸಿನ್ಸ್ 1957." ಎಷ್ಟು ಕಾಲ ಎಂದು ಹೇಳಿದರೆ ಫಾರ್: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್." ಎರಡು ಕಡೆಯೂ 'ಆ್ಯಮ್ ವರ್ಕಿಂಗ್' ಸಾಲದು, 'ಹ್ಯಾವ್ ಬೀನ್' ಬೇಕು. 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎಂಬ ಒಂದು ವಾಕ್ಯದಲ್ಲಿ ಹೀಗೆ ಎರಡು ತಪ್ಪು.

ಇರುವಿಕೆ, ತಿಳಿವು, ಇಷ್ಟ ಹೇಳುವ ವರ್ಬ್‌ಗಳಿಗೆ ಸಾಮಾನ್ಯವಾಗಿ 'ಇಂಗ್' ಹಚ್ಚುವುದಿಲ್ಲ. 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಅಲ್ಲ, 'ಐ ಹ್ಯಾವ್ ಟೂ ಬ್ರದರ್ಸ್'. 'ಐ ಆ್ಯಮ್ ನಾಟ್ ನೋಯಿಂಗ್' ಅಲ್ಲ, 'ಐ ಡೋಂಟ್ ನೋ'. ಊಟ ಮಾಡುತ್ತಿದ್ದರೆ ಮಾತ್ರ 'ಐ ಆ್ಯಮ್ ಹ್ಯಾವಿಂಗ್ ಲಂಚ್' ಸರಿ. ಅಲ್ಲಿ ಅರ್ಥ ಬೇರೆ. 'ಇಫ್' ಬಂದ ಭಾಗದಲ್ಲಿ ಮುಂದಿನ ಕಾಲಕ್ಕೆಂದು 'ವಿಲ್' ಹಾಕುವುದೂ ಬೇಡ: "ಇಫ್ ಇಟ್ ರೇನ್ಸ್, ದ ಮ್ಯಾಚ್ ವಿಲ್ ಬಿ ಕ್ಯಾನ್ಸಲ್ಡ್."

ಮೂರನೇ ಓದು: ಹೆಸರುಗಳ ಮುಂದೆ ಏನಿದೆ, ಹಿಂದೆ ಏನಿದೆ?

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ತುಳುವಿನಲ್ಲೂ ಇಲ್ಲ, ಕೊಂಕಣಿಯಲ್ಲೂ ಇಲ್ಲ. ನಾವು ಅದನ್ನು ಮರೆಯುವುದರಲ್ಲಿ ಆಶ್ಚರ್ಯವಿಲ್ಲ. ಎಣಿಸಬಹುದಾದ ವಸ್ತುವೊಂದರ ಹೆಸರು ಏಕವಚನದಲ್ಲಿ ಒಂಟಿಯಾಗಿ ನಿಂತಿದ್ದರೆ ಅನುಮಾನಿಸಿ. 'ಐ ಆ್ಯಮ್ ಫ್ರಮ್ ವಿಲೇಜ್' ಎಂಬಲ್ಲಿ ವಿಲೇಜ್‌ನ ಮುಂದೆ 'ಎ' ಬೇಕು. ಊರಿನ ಹೆಸರಿಗೆ ಆರ್ಟಿಕಲ್ ಬೇಡ. ನದಿಗೆ, ಸಮುದ್ರಕ್ಕೆ 'ದ' ಬೇಕು: ದ ಸ್ವರ್ಣಾ, ದ ಅರೇಬಿಯನ್ ಸೀ.

'ಎ' ಬೇಕೋ 'ಆ್ಯನ್' ಬೇಕೋ ಎಂಬ ಅನುಮಾನಕ್ಕೆ ಕನ್ನಡ ಬಲ್ಲವರ ಕೈಯಲ್ಲಿ ಒಳ್ಳೆಯ ಸಾಧನವಿದೆ. ನಿಯಮ ಇರುವುದು ಅಕ್ಷರಕ್ಕಲ್ಲ, ಉಚ್ಚಾರಣೆಗೆ. ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದ ಶುರುವಾದರೆ ಎ. 'ಯೂನಿವರ್ಸಿಟಿ' ಯಕಾರದಿಂದ ಶುರು, ಹಾಗಾಗಿ 'ಎ ಯೂನಿವರ್ಸಿಟಿ'. 'ಅವರ್', ಅಂದರೆ ಗಂಟೆ, ಅಕಾರದಿಂದ ಶುರು, ಹಾಗಾಗಿ 'ಆ್ಯನ್ ಅವರ್'. 'ಎಂಐಟಿ' ಎಕಾರದಿಂದ ಶುರು, ಹಾಗಾಗಿ 'ಆ್ಯನ್ ಎಂಐಟಿ ಸ್ಟೂಡೆಂಟ್', 'ಆ್ಯನ್ ಎಂಬಿಬಿಎಸ್ ಸೀಟ್'. ಎರಡು ಕಡೆ ಮಾತ್ರ ಎಚ್ಚರ. 'ಒನ್' ಎಂದು ಬರೆದರೂ ಇಂಗ್ಲಿಷಿನ ಉಚ್ಚಾರಣೆ 'ವನ್', ಆದ್ದರಿಂದ 'ಎ ಒನ್-ರುಪೀ ಕಾಯಿನ್'. ನಮ್ಮ ಬಾಯಲ್ಲಿ 'ಎಂ' ಎಂಬುದು 'ಯಂ' ಆದರೂ ಲೆಕ್ಕಕ್ಕೆ ಅದು ಎಕಾರವೇ.

ಪದದ ಕೊನೆಯನ್ನೂ ನೋಡಿ. ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು ಎಂದು ಕನ್ನಡದಲ್ಲಿ ಬರೆಯುವ ರೂಢಿಯಿಂದ ಇನ್ಫರ್ಮೇಶನ್ಸ್, ಅಡ್ವೈಸಸ್, ಫರ್ನಿಚರ್ಸ್ ಬಂದುಬಿಡುತ್ತವೆ. ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್ ಇವಕ್ಕೆ 'ಎಸ್' ಹಚ್ಚುವಂತಿಲ್ಲ. ಎಣಿಸಲೇಬೇಕಾದರೆ 'ಎ ಪೀಸ್ ಆಫ್ ಅಡ್ವೈಸ್'.

ನಾಲ್ಕನೇ ಓದು: ಸಣ್ಣ ಪದಗಳು ಸರಿಯಿವೆಯೇ?

ನಮ್ಮ ವಿಭಕ್ತಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಮಾಡುತ್ತದೆ. ಎರಡಕ್ಕೂ ಒಂದಕ್ಕೊಂದರ ಲೆಕ್ಕ ಕೂಡುವುದಿಲ್ಲ. ನನ್ನ ಮೇಲೆ ಸಿಟ್ಟು ಎನ್ನುತ್ತೇವೆ. ಇಂಗ್ಲಿಷಿನಲ್ಲಿ 'ಆ್ಯಂಗ್ರಿ ಆನ್ ಮಿ' ಅಲ್ಲ, 'ಆ್ಯಂಗ್ರಿ ವಿತ್ ಮಿ'. ಅವರ ಜೊತೆ ಮದುವೆ ಎನ್ನುತ್ತೇವೆ. ಅಲ್ಲಿ 'ಮ್ಯಾರೀಡ್ ವಿತ್' ಅಲ್ಲ, 'ಮ್ಯಾರೀಡ್ ಟು'. ಲೆಕ್ಕದಲ್ಲಿ ಜಾಣೆ ಎನ್ನುತ್ತೇವೆ. ಅಲ್ಲಿ 'ಗುಡ್ ಅಟ್ ಮ್ಯಾಥ್ಸ್'.

ಬೇಡದ ಕಡೆ ಸೇರಿಕೊಳ್ಳುವವು ಇನ್ನೊಂದು ಗುಂಪು. ಅದರ ಬಗ್ಗೆ ಚರ್ಚಿಸಿದೆವು ಎನ್ನುವುದರಿಂದ 'ಡಿಸ್ಕಸ್ ಅಬೌಟ್' ಬರುತ್ತದೆ. ಬೇಕಿರುವುದು ಬರೀ 'ಡಿಸ್ಕಸ್'. 'ರೀಚ್ಡ್ ಟು ಉಡುಪಿ' ಬೇಡ, 'ರೀಚ್ಡ್ ಉಡುಪಿ'. 'ಕೋಪ್ ಅಪ್ ವಿತ್' ಬೇಡ, 'ಕೋಪ್ ವಿತ್'. 'ರಿಟರ್ನ್ ಬ್ಯಾಕ್', 'ರಿಪೀಟ್ ಅಗೇನ್' ಎಂಬಲ್ಲಿ ಎರಡನೇ ಪದವೇ ಹೆಚ್ಚುವರಿ. ಸೀನಿಯರ್, ಜೂನಿಯರ್, ಸುಪೀರಿಯರ್, ಪ್ರಿಫರ್ ಇವುಗಳ ಜೊತೆ 'ದ್ಯಾನ್' ಅಲ್ಲ, 'ಟು'. ಇವಕ್ಕೆಲ್ಲ ಒಂದೇ ಸೂತ್ರವಿಲ್ಲ. ವರ್ಬ್ ಕಲಿಯುವಾಗಲೇ ಅದರ ಜೋಡಿಯನ್ನೂ ಸೇರಿಸಿ ಕಲಿಯುವುದೊಂದೇ ದಾರಿ.

ಐದನೇ ಓದು: ವಾಕ್ಯದ ಜೋಡಣೆ ಸರಿಯಿದೆಯೇ?

ಎರಡು ಮಾತನ್ನು ಕೂಡಿಸಲು ಒಂದು ಕೊಂಡಿ ಸಾಕು. 'ಆಲ್ದೋ' ಬಂದರೆ 'ಬಟ್' ಬೇಡ, 'ಬಿಕಾಸ್' ಬಂದರೆ 'ಸೋ' ಬೇಡ. 'ಅನ್‌ಲೆಸ್' ಎಂಬುದರಲ್ಲೇ ನಿಷೇಧ ಇದೆ, ಅದೇ ಭಾಗದಲ್ಲಿ ಮತ್ತೆ 'ನಾಟ್' ಹಾಕಿದರೆ ಅರ್ಥ ತಿರುಗುತ್ತದೆ.

ಪ್ರಶ್ನೆಯೊಂದು ಇನ್ನೊಂದು ವಾಕ್ಯದೊಳಗೆ ಸೇರಿದಾಗ ಪದಗಳ ಕ್ರಮ ಬದಲಾಗುತ್ತದೆ. 'ವೇರ್ ಈಸ್ ದ ಆಫೀಸ್?' ಸರಿ. ಆದರೆ 'ಕ್ಯಾನ್ ಯೂ ಟೆಲ್ ಮಿ ವೇರ್ ದ ಆಫೀಸ್ ಈಸ್?' ಎಂದೇ ಕೇಳಬೇಕು.

ಮಾತಿನ ಕೊನೆಗೆ ನಾವು ಹಚ್ಚುವ 'ಅಲ್ವಾ', ತುಳುವಿನ 'ಅತ್ತಾ' ಎಲ್ಲ ವಾಕ್ಯಕ್ಕೂ ಒಗ್ಗುತ್ತವೆ. ಇಂಗ್ಲಿಷಿನ 'ಈಸಿಂಟ್ ಇಟ್' ಹಾಗಲ್ಲ. 'ಯೂ ಆರ್ ಕಮಿಂಗ್' ಎಂದ ಮೇಲೆ 'ಆರಿಂಟ್ ಯೂ'. 'ಮನೆಯಲ್ಲೇ ಇದ್ದೇನೆ' ಎಂಬಲ್ಲಿನ ಒತ್ತನ್ನು 'ಐ ಆ್ಯಮ್ ಅಟ್ ಹೋಮ್ ಓನ್ಲಿ' ಎಂದು ತರುವುದು ಬೇಡ; 'ಐ ಆ್ಯಮ್ ಅಟ್ ಹೋಮ್' ಎಂದರೆ ಸಾಕು.

ಒಳ್ಳೆಯ ಇಂಗ್ಲಿಷ್ ಬರೆಯುವವರೂ ಎಡವುವ ಜಾಗ ಇನ್ನೊಂದಿದೆ. ಕಾಪುವಿನ ಕಡಲತೀರದಲ್ಲಿ 1901ರ ದೀಪಸ್ತಂಭವಿದೆ. ಅದರ ಬಗ್ಗೆ "ವಾಕಿಂಗ್ ಅಲಾಂಗ್ ದ ಬೀಚ್, ದ ಲೈಟ್‌ಹೌಸ್ ಲುಕ್ಡ್ ಬ್ಯೂಟಿಫುಲ್" ಎಂದು ಬರೆದರೆ ನಡೆಯುತ್ತಿರುವುದು ದೀಪಸ್ತಂಭ ಎಂದಾಗುತ್ತದೆ. 'ಇಂಗ್' ಪದದಿಂದ ಶುರುವಾದ ವಾಕ್ಯದಲ್ಲಿ ಅಲ್ಪವಿರಾಮದ ನಂತರ ಬರುವ ಹೆಸರೇ ಆ ಕೆಲಸ ಮಾಡುವವರದ್ದಾಗಿರಬೇಕು: "ವಾಕಿಂಗ್ ಅಲಾಂಗ್ ದ ಬೀಚ್, ವಿ ಸಾ ದ ಲೈಟ್‌ಹೌಸ್."

ಒಂದು ಅರ್ಜಿ ತಿದ್ದೋಣ

ಕೆಲಸ ಕೇಳಿ ಬರೆದ ಇಂಥದೊಂದು ಅರ್ಜಿ ಇದೆ ಎಂದಿಟ್ಟುಕೊಳ್ಳಿ:

"ಐ ಆ್ಯಮ್ ವರ್ಕಿಂಗ್ ಇನ್ ಎ ಕೋಆಪರೇಟಿವ್ ಸೊಸೈಟಿ ಸಿನ್ಸ್ ತ್ರೀ ಇಯರ್ಸ್. ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ಇನ್ 2021. ಒನ್ ಆಫ್ ಮೈ ಲೆಕ್ಚರರ್ ಹ್ಯಾವ್ ಟೋಲ್ಡ್ ಮಿ ಅಬೌಟ್ ದಿಸ್ ಪೋಸ್ಟ್. ಆಲ್ದೋ ಐ ಆ್ಯಮ್ ಫ್ರಮ್ ವಿಲೇಜ್, ಬಟ್ ಐ ಆ್ಯಮ್ ಹ್ಯಾವಿಂಗ್ ಗುಡ್ ನಾಲೆಡ್ಜ್ ಇನ್ ಟ್ಯಾಲಿ. ಕೈಂಡ್ಲಿ ಇನ್ಫಾರ್ಮ್ ಮಿ ವೆನ್ ವಿಲ್ ದ ಇಂಟರ್‌ವ್ಯೂ ಬಿ ಹೆಲ್ಡ್."

ಮೊದಲ ಓದಿನಲ್ಲಿ 'ಒನ್'ಗೆ 'ಹ್ಯಾವ್' ಹೊಂದದು ಎಂದು ಗೊತ್ತಾಗುತ್ತದೆ. ಎರಡನೇ ಓದಿನಲ್ಲಿ 'ಸಿನ್ಸ್', '2021' ಎಂಬಲ್ಲಿ ಕಣ್ಣು ನಿಲ್ಲುತ್ತದೆ. ಮೊದಲನೆಯದಕ್ಕೆ 'ಹ್ಯಾವ್ ಬೀನ್ – ಫಾರ್' ಬೇಕು, ಎರಡನೆಯದಕ್ಕೆ 'ಹ್ಯಾವ್' ಬೇಡ. ಲೆಕ್ಚರರ್ ಹೇಳಿದ್ದೂ ಮುಗಿದ ಮಾತು, 'ಟೋಲ್ಡ್' ಸಾಕು. 'ಹ್ಯಾವಿಂಗ್' ಹೋಗಿ 'ಹ್ಯಾವ್' ಬರುತ್ತದೆ. ಮೂರನೇ ಓದಿನಲ್ಲಿ 'ಲೆಕ್ಚರರ್ಸ್', 'ಎ ವಿಲೇಜ್'. ನಾಲೆಡ್ಜ್ ಎಣಿಸುವ ಪದವಲ್ಲದಿದ್ದರೂ ಹೀಗೆ ಬಂದಾಗ 'ಎ ಗುಡ್ ನಾಲೆಡ್ಜ್' ಎನ್ನುವುದು ರೂಢಿ. ನಾಲ್ಕನೇ ಓದಿನಲ್ಲಿ 'ನಾಲೆಡ್ಜ್ ಇನ್' ಹೋಗಿ 'ನಾಲೆಡ್ಜ್ ಆಫ್'. ಐದನೆಯದರಲ್ಲಿ 'ಬಟ್' ಬಿದ್ದುಹೋಗುತ್ತದೆ, ಕೊನೆಯ ವಾಕ್ಯದ ಕ್ರಮ ತಿರುಗುತ್ತದೆ. ತಿದ್ದಿದ ಅರ್ಜಿ ಹೀಗಾಗುತ್ತದೆ:

"ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ಕೋಆಪರೇಟಿವ್ ಸೊಸೈಟಿ ಫಾರ್ ತ್ರೀ ಇಯರ್ಸ್. ಐ ಕಂಪ್ಲೀಟೆಡ್ ಬಿ.ಕಾಂ. ಇನ್ 2021. ಒನ್ ಆಫ್ ಮೈ ಲೆಕ್ಚರರ್ಸ್ ಟೋಲ್ಡ್ ಮಿ ಅಬೌಟ್ ದಿಸ್ ಪೋಸ್ಟ್. ಆಲ್ದೋ ಐ ಆ್ಯಮ್ ಫ್ರಮ್ ಎ ವಿಲೇಜ್, ಐ ಹ್ಯಾವ್ ಎ ಗುಡ್ ನಾಲೆಡ್ಜ್ ಆಫ್ ಟ್ಯಾಲಿ. ಕೈಂಡ್ಲಿ ಇನ್ಫಾರ್ಮ್ ಮಿ ವೆನ್ ದ ಇಂಟರ್‌ವ್ಯೂ ವಿಲ್ ಬಿ ಹೆಲ್ಡ್."

ಅರ್ಜಿ ಕಳುಹಿಸುವ ಮುನ್ನ ಹೆಸರುಗಳನ್ನು ಒಮ್ಮೆ ನೋಡಿಕೊಳ್ಳಿ. ಕಾಪುವನ್ನು ಇಂಗ್ಲಿಷಿನಲ್ಲಿ ಕೆ-ಎ-ಯು-ಪಿ ಎಂದೂ ಕೆ-ಎ-ಪಿ-ಯು ಎಂದೂ ಬರೆಯುವುದುಂಟು. ನಿಮ್ಮ ದಾಖಲೆಗಳಲ್ಲಿ ಯಾವುದಿದೆಯೋ ಅದನ್ನೇ ಉದ್ದಕ್ಕೂ ಬಳಸಿ.

ಪರೀಕ್ಷೆಯ ಹಾಲ್‌ನಲ್ಲಿ

40 ಸೆಕೆಂಡಿನಲ್ಲಿ ಐದು ಸಲ ಓದಲಾಗದು. ಮನೆಯಲ್ಲಿ ಐದು ಓದಿನ ಅಭ್ಯಾಸ ಇದ್ದವರಿಗೆ ಅಲ್ಲಿ ಒಂದೆರಡು ಓದು ಸಾಕಾಗುತ್ತದೆ. ವಾಕ್ಯವನ್ನು ತುಂಡು ತುಂಡಾಗಿ ನೋಡದೆ ಪೂರ್ತಿ ಓದಿ. 'ಒನ್ ಆಫ್', 'ಈಚ್', 'ಸಿನ್ಸ್', 'ಸೀನಿಯರ್', 'ಪ್ರಿಫರ್' ಕಂಡ ಕೂಡಲೇ ಅದರ ಜೋಡಿಯನ್ನು ಹುಡುಕಿ. 'ನೋ ಸೂನರ್' ಬಂದರೆ 'ದ್ಯಾನ್', 'ಹಾರ್ಡ್ಲಿ ಹ್ಯಾಡ್' ಬಂದರೆ 'ವೆನ್' ಇದೆಯೇ ನೋಡಿ. 'ನೋ ಎರರ್' ಎಂಬ ಆಯ್ಕೆಯನ್ನು ಕಡೆಗಣಿಸಬೇಡಿ. ಸರಿಯಾದ ವಾಕ್ಯವನ್ನೂ ಕೊಟ್ಟಿರುತ್ತಾರೆ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಐದು ಆಯ್ಕೆಗಳಿರುವಲ್ಲಿ ಏನೂ ಗೊತ್ತಿಲ್ಲದೆ ಗುರುತಿಸುತ್ತಾ ಹೋದರೆ ಐದಕ್ಕೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಸಿಕ್ಕ ಒಂದು ಅಂಕ ನಾಲ್ಕು ಕಾಲುಗಳಲ್ಲಿ ಹೋಗಿಬಿಡುತ್ತದೆ. ಒಂದೆರಡು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಲು ಆದರೆ ಮಾತ್ರ ಊಹೆಯಿಂದ ಲಾಭ.

ಯಂತ್ರದ ಸಹಾಯ, ಪುಸ್ತಕದ ಸಹಾಯ

ವರ್ಡ್‌ನಲ್ಲಿ ಕೆಂಪು ಗೆರೆ ಕಾಗುಣಿತಕ್ಕೆ, ನೀಲಿ ಗೆರೆ ವ್ಯಾಕರಣಕ್ಕೆ. ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್ ಕೂಡ ಇದೇ ಕೆಲಸ ಮಾಡುತ್ತವೆ. ಬರೆದದ್ದನ್ನು ಮೊದಲು ನೀವೇ ತಿದ್ದಿ, ಆಮೇಲೆ ಅವುಗಳಿಗೆ ಕೊಡಿ. ನಿಮಗೆ ಸಿಗದ ತಪ್ಪು ಯಾವುದು ಎಂದು ಆಗ ತಿಳಿಯುತ್ತದೆ. 'ಫ್ರಮ್' ಬದಲು 'ಫಾರ್ಮ್' ಬಿದ್ದರೆ ಕಾಗುಣಿತದ ಗೆರೆ ಬೀಳುವುದಿಲ್ಲ, ಎರಡೂ ಸರಿಯಾದ ಪದಗಳೇ. ಚಾಟ್‌ಜಿಪಿಟಿಯಂಥವನ್ನು ಬಳಸುವುದಾದರೆ "ತಿದ್ದಿ ಕೊಡು" ಎನ್ನುವ ಬದಲು "ತಪ್ಪೆಲ್ಲಿದೆ, ಏಕೆ ತಪ್ಪು, ಕನ್ನಡದಲ್ಲಿ ಹೇಳು" ಎಂದು ಕೇಳಿ. ಉತ್ತರವನ್ನು ಪುಸ್ತಕದ ಜೊತೆ ಹೋಲಿಸಿ ನೋಡಿ.

ಪುಸ್ತಕಗಳಲ್ಲಿ ರೆನ್ ಮತ್ತು ಮಾರ್ಟಿನ್ ನಮ್ಮ ಹಿರಿಯರ ಕಾಲದಿಂದಲೂ ಇದೆ. ಸ್ವಂತವಾಗಿ ಕಲಿಯುವವರಿಗೆ ರೇಮಂಡ್ ಮರ್ಫಿಯವರ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' ಅನುಕೂಲ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ; ಉತ್ತರಗಳು ಕೊನೆಯಲ್ಲಿರುವ ಆವೃತ್ತಿಯನ್ನೇ ಕೇಳಿ ಪಡೆಯಿರಿ.

ತಪ್ಪಲ್ಲದ್ದನ್ನು ತಿದ್ದಬೇಡಿ

ವಾಕ್ಯ ಪ್ರಿಪೊಸಿಷನ್‌ನಿಂದ ಮುಗಿಯುವುದು ತಪ್ಪಲ್ಲ. 'ಆ್ಯಂಡ್', 'ಬಟ್'ನಿಂದ ಶುರುವಾಗುವುದೂ ತಪ್ಪಲ್ಲ. ಭಾರತದ ಇಂಗ್ಲಿಷಿನಲ್ಲಿ ರೂಢಿಯಲ್ಲಿರುವ 'ಪ್ರಿಪೋನ್' ಆಕ್ಸ್‌ಫರ್ಡ್ ನಿಘಂಟಿನಲ್ಲೇ ಜಾಗ ಪಡೆದಿದೆ. ಬ್ರಿಟಿಷ್ ಕಾಗುಣಿತ, ಅಮೆರಿಕದ ಕಾಗುಣಿತ ಎರಡೂ ಸರಿ. ಒಂದೇ ಬರಹದಲ್ಲಿ ಬೆರೆಸದಿದ್ದರೆ ಆಯಿತು.

ಮಕ್ಕಳ ಬರಹ ತಿದ್ದುವವರಿಗೆ

ಪುಟದ ತುಂಬ ಕೆಂಪು ಶಾಯಿ ಕಂಡ ಮಗು ಮುಂದಿನ ಸಲ ಕಡಿಮೆ ಬರೆಯುತ್ತದೆ. ಈ ವಾರ 'ಸಿನ್ಸ್–ಫಾರ್' ಮಾತ್ರ ತಿದ್ದುತ್ತೇನೆ ಎಂದು ಮೊದಲೇ ಹೇಳಿ, ಅದನ್ನಷ್ಟೇ ತಿದ್ದಿ. ಸರಿಯುತ್ತರ ಬರೆದುಕೊಡುವ ಬದಲು ತಪ್ಪಿರುವ ಸಾಲಿನ ಅಂಚಿನಲ್ಲಿ ಒಂದು ಗುರುತು ಹಾಕಿ, ತಪ್ಪನ್ನು ಮಗುವೇ ಹುಡುಕಲಿ. ಸಿಕ್ಕಿದರೆ ಅದು ಕಣ್ತಪ್ಪು. ಸಿಗದಿದ್ದರೆ ಅಲ್ಲಿ ಕಲಿಸಬೇಕಾದದ್ದು ಇದೆ ಎಂದು ತಿಳಿಯಿರಿ.

ಕನ್ನಡ ಮಾಧ್ಯಮದಲ್ಲಿ ಓದಿ ಮಣಿಪಾಲಕ್ಕೋ ಬೆಂಗಳೂರಿಗೋ ಹೋದ ಎಷ್ಟೋ ಮಕ್ಕಳು ತಪ್ಪಾದೀತೆಂಬ ಹೆದರಿಕೆಯಿಂದ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅವರ ತಪ್ಪಿಗೆ ನಗುವುದು ಅನ್ಯಾಯ. ಎರಡು ಮೂರು ಭಾಷೆ ಸಲೀಸಾಗಿ ಆಡುವವರು ಇನ್ನೊಂದನ್ನು ಕಲಿಯುವಾಗ ಇಂಥ ತಪ್ಪು ಆಗಿಯೇ ಆಗುತ್ತದೆ, ಕ್ರಮವಾಗಿ ದುಡಿದರೆ ಹೋಗಿಯೂ ಹೋಗುತ್ತದೆ. ಒಂದು ನೋಟ್‌ಬುಕ್ಕಿನ ಎಡಕ್ಕೆ ನೀವು ಬರೆದ ವಾಕ್ಯ, ಬಲಕ್ಕೆ ತಿದ್ದಿದ ವಾಕ್ಯ, ಕೆಳಗೆ ಕಾರಣ ಬರೆದಿಡಿ. ತಿಂಗಳ ಕೊನೆಗೆ ಯಾವ ಕಾರಣ ಹೆಚ್ಚು ಸಲ ಬಂದಿದೆ ಎಂದು ಎಣಿಸಿ, ಮುಂದಿನ ತಿಂಗಳ ಅಭ್ಯಾಸವನ್ನು ಅಲ್ಲಿಂದಲೇ ಶುರು ಮಾಡಿ.